ಆಹಾರ ಯೋಜನೆಯ ಸಭೆಗೆ ಜನ ಬರುತ್ತಿಲ್ಲ, ಏನು ಮಾಡಲಿ?

ನೀವು ನಗರದ ಆಹಾರ ಯೋಜನೆ, ಅಂದರೆ ಊರಿನ ಜನಕ್ಕೆ ಊಟ ಎಲ್ಲಿಂದ, ಹೇಗೆ ತಲುಪಬೇಕು ಅನ್ನುವ ಯೋಜನೆ, ತಯಾರಿಸುವ ತಂಡದಲ್ಲಿದ್ದೀರಿ. ನಿವಾಸಿಗಳನ್ನು ತೊಡಗಿಸಿಕೊಳ್ಳಲೇಬೇಕು ಅಂತ ಮೇಲಿನಿಂದ ಸೂಚನೆ ಬಂದಿದೆ. ಎರಡು ಸಭೆ ಕರೆದಿರಿ, ಎರಡಕ್ಕೂ ಸೇರಿ ಬಂದವರು ಹದಿನಾಲ್ಕು ಜನ, ಅವರಲ್ಲಿ ಹೆಚ್ಚಿನವರು ತಾರಸಿ ತೋಟ ಮಾಡುವವರು. "ಉಳಿದವರಿಗೆ ಆಸಕ್ತಿಯೇ ಇಲ್ಲವಾ? ಆನ್‌ಲೈನ್ ಸಮೀಕ್ಷೆ ಮಾಡಿ ಮುಗಿಸಿಬಿಡಲಾ?" ಅಂತ ಕೇಳಿದ್ದೀರಿ. ಇಂಥ ಸಭೆಗಳನ್ನು ಕೆಲವು ವರ್ಷ ನಡೆಸಿದವನು ನಾನು. ಅದರಲ್ಲಿ ಮೊದಲ ಎರಡು ವರ್ಷ ಕೆಟ್ಟದಾಗಿಯೇ ನಡೆಸಿದೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಜನಕ್ಕೆ ಆಸಕ್ತಿ ಇಲ್ಲ ಅನ್ನುವುದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಹೊತ್ತು ಹೊತ್ತಿಗೂ ಯೋಚಿಸಲೇಬೇಕಾದ ವಿಷಯದಲ್ಲಿ ಯಾರಿಗೆ ತಾನೇ ಆಸಕ್ತಿ ಇರುವುದಿಲ್ಲ? ನಿಮ್ಮ ಕರಪತ್ರದಲ್ಲಿ "ಸುಸ್ಥಿರ ಆಹಾರ ವ್ಯವಸ್ಥೆಯ ಕುರಿತು ಸಾರ್ವಜನಿಕ ಸಮಾಲೋಚನೆ" ಅಂತ ಇತ್ತು ಅಂದಿರಿ. ತನಗೊಂದು ಆಹಾರ ವ್ಯವಸ್ಥೆ ಇದೆ ಅಂತ ಅಂದುಕೊಂಡು ಬೆಳಿಗ್ಗೆ ಏಳುವವರು ಯಾರೂ ಇಲ್ಲ. ಗಾಡಿಯವನು ಈಚೆಗೆ ನಮ್ಮ ಬೀದಿಗೆ ಯಾಕೆ ಬರುತ್ತಿಲ್ಲ, ಮಗುವಿಗೆ ಶಾಲೆಯಲ್ಲಿ ಕೊಡುವ ಊಟ ಯಾಕೆ ಆರಿರುತ್ತದೆ, ಮಾರುಕಟ್ಟೆ ಪಕ್ಕದ ಮೋರಿ ಯಾಕೆ ನಾರುತ್ತದೆ, ಇವು ಜನರ ಪ್ರಶ್ನೆಗಳು. ನೀವು ಕರೆದ ಸಭೆಗೂ ಈ ಪ್ರಶ್ನೆಗಳಿಗೂ ಸಂಬಂಧ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಇನ್ನೂ ತೀರ್ಮಾನ ಆಗದೇ ಇರುವ ಒಂದು ವಿಷಯವನ್ನು ಹುಡುಕಿ, ಅದರ ಸುತ್ತ ಜನರನ್ನು ಕೂರಿಸಿ. ಅಂಥ ವಿಷಯ ನಿಮ್ಮ ಕೈಯಲ್ಲಿ ಒಂದೂ ಇಲ್ಲ ಅಂದರೆ ಸಭೆಯನ್ನೇ ಕರೆಯಬೇಡಿ. ಕರಡು ತಯಾರಾಗಿ, ಮುದ್ರಣಕ್ಕೆ ಹೋಗುವ ಮುಂಚಿನ ವಾರ "ನಿಮ್ಮ ಅಭಿಪ್ರಾಯ ತಿಳಿಸಿ" ಅನ್ನುವುದನ್ನು ಜನ ಎಷ್ಟೋ ಸಲ ನೋಡಿದ್ದಾರೆ. ಮನೆಯಲ್ಲೇ ಉಳಿದವರು ಲೆಕ್ಕ ಹಾಕಿಯೇ ಉಳಿದಿದ್ದಾರೆ.

ಅಮೆರಿಕದ ಷೆರಿ ಆರ್ನ್‌ಸ್ಟೈನ್ ಅನ್ನುವವರು 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ತಳದ ಎರಡು ಮೆಟ್ಟಿಲು ಪಾಲ್ಗೊಳ್ಳುವಿಕೆಯೇ ಅಲ್ಲ, ಅಲ್ಲಿ ನಡೆಯುವುದು ಜನರನ್ನು ಪುಸಲಾಯಿಸುವ ಕೆಲಸ. ಮಾಹಿತಿ ಕೊಡುವುದು ಮೂರನೆಯದು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ಐದನೆಯದು ಸಮಾಧಾನಕ್ಕೆ ಒಬ್ಬಿಬ್ಬರನ್ನು ಸಮಿತಿಗೆ ಹಾಕಿಕೊಳ್ಳುವುದು. ಅಧಿಕಾರ ನಿಜವಾಗಿ ಹಂಚಿಕೆಯಾಗುವುದು ಆರನೆಯದರಿಂದ ಮೇಲೆ. ನಮ್ಮಂಥವರ ಹೆಚ್ಚಿನ ಸಭೆಗಳು ನಾಲ್ಕರಲ್ಲೇ ಮುಗಿಯುತ್ತವೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲ ವಿಷಯಕ್ಕೂ ಮೇಲಿನ ಮೆಟ್ಟಿಲು ಬೇಕಾಗಿಲ್ಲ. ನಾಲ್ಕರಲ್ಲಿ ನಿಂತುಕೊಂಡು ಏಳರಲ್ಲಿದ್ದೇವೆ ಅಂತ ಹೇಳಿದಾಗ ಮಾತ್ರ ಜನ ಕೈ ಬಿಡುತ್ತಾರೆ. ನಿಮ್ಮ ಯೋಜನೆಯಲ್ಲಿರುವ ಒಂದೊಂದು ವಿಷಯದ ಎದುರೂ ಅದು ಯಾವ ಮೆಟ್ಟಿಲು ಅಂತ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ. ಬರೆದು ಮುಗಿಸುವಷ್ಟರಲ್ಲಿ ಯಾವ ಸಭೆ ಬೇಕು, ಯಾವುದು ದಂಡ ಅಂತ ನಿಮಗೇ ಗೊತ್ತಾಗುತ್ತದೆ.

ಈಗ, ತೀರ್ಮಾನ ಆಗದೇ ಇರುವ ವಿಷಯ ಎಲ್ಲಿ ಸಿಗುತ್ತದೆ? ನಗರಾಡಳಿತದ ಕೈಯಲ್ಲಿ ಏನೇನಿದೆ ಅಂತ ನೋಡಿ. ದೇಶದ ಧಾನ್ಯದ ಬೆಲೆ ಅದರ ಕೈಯಲ್ಲಿಲ್ಲ, ಹವಾಮಾನವಂತೂ ಇಲ್ಲವೇ ಇಲ್ಲ. ಆದರೆ ಖಾಲಿ ಜಾಗ ಯಾರಿಗೆ ಎಷ್ಟು ವರ್ಷಕ್ಕೆ ಕೊಡಬೇಕು, ತಳ್ಳುಗಾಡಿ ಎಲ್ಲಿ ನಿಲ್ಲಬಹುದು, ಮಾರುಕಟ್ಟೆ ಎಷ್ಟು ಹೊತ್ತು ತೆರೆದಿರಬೇಕು, ತಾನೇ ನಡೆಸುವ ಅಡುಗೆಮನೆಗಳಿಗೆ ಯಾರಿಂದ ಕೊಳ್ಳಬೇಕು, ಹಸಿ ಕಸ ಗೊಬ್ಬರವಾಗಿ ಎಲ್ಲಿಗೆ ಹೋಗಬೇಕು, ಇವೆಲ್ಲ ಸಾಮಾನ್ಯವಾಗಿ ಅದರ ಕೈಯಲ್ಲೇ ಇರುತ್ತವೆ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರ 1993ರಲ್ಲಿ ಆಹಾರ ನಾಗರಿಕರ ಹಕ್ಕು ಅಂತ ಒಪ್ಪಿ, ಅದಕ್ಕೇ ಒಂದು ಇಲಾಖೆ ತೆರೆಯಿತು. ಅಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಜನ ಓಡಾಡುವ ಒಳ್ಳೊಳ್ಳೆ ಜಾಗಗಳನ್ನು ವ್ಯಾಪಾರಿಗಳಿಗೆ ಕೊಟ್ಟು, ಬದಲಿಗೆ ಸುಮಾರು ಇಪ್ಪತ್ತು ಪದಾರ್ಥಗಳನ್ನು ನಗರ ನಿಗದಿ ಮಾಡಿದ ದರಕ್ಕೇ ಮಾರಬೇಕು, ವಾರದ ಕೊನೆಯಲ್ಲಿ ಬಡವರ ಬಡಾವಣೆಗೂ ಗಾಡಿ ಒಯ್ಯಬೇಕು ಅಂತ ಷರತ್ತು ಹಾಕಿದರು. ಜಾಗ ಸರ್ಕಾರದ್ದು, ವ್ಯಾಪಾರ ಖಾಸಗಿಯವರದು. ಆ ಇಪ್ಪತ್ತು ಪದಾರ್ಥ ಯಾವುವು, ಗಾಡಿ ಯಾವ ಬಡಾವಣೆಗೆ ಹೋಗಬೇಕು ಅನ್ನುವುದಿದೆಯಲ್ಲ, ನಿವಾಸಿಗಳನ್ನು ಕೂರಿಸಿ ಕೇಳಬೇಕಾದ್ದು ಇಂಥದ್ದನ್ನು. ಇದಕ್ಕೆ ಉತ್ತರ ಕೊಡಲು ಯಾರಿಗೂ ತರಬೇತಿ ಬೇಕಾಗಿಲ್ಲ.

ಇನ್ನು ಹುಡುಕುವ ಬಗೆ. ನಾವು ಮೊದಮೊದಲು ನಕ್ಷೆಯಿಂದ ಶುರು ಮಾಡಿದೆವು. ಗೋಡೆಯಷ್ಟು ದೊಡ್ಡ ನಕ್ಷೆ ಮುದ್ರಿಸಿ, ತರಕಾರಿ ಸಿಗುವ ಕಡೆ ಹಸಿರು ಚುಕ್ಕೆ, ಸಿಗದ ಕಡೆ ಕೆಂಪು ಚುಕ್ಕೆ ಅಂಟಿಸಿದೆವು. ನೋಡಲು ಬಹಳ ಚೆನ್ನಾಗಿತ್ತು. ಆಮೇಲೆ ಒಂದು ಹಸಿರು ಚುಕ್ಕೆಯ ಬೀದಿಯಲ್ಲಿ ಅಲ್ಲಿನ ನಾಲ್ಕು ನಿವಾಸಿಗಳ ಜೊತೆ ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ ನಡೆದೆವು. ಬೆಳಿಗ್ಗೆ ಐದು ಗಾಡಿಗಳಿದ್ದವು. ರಾತ್ರಿ ಒಂದೂ ಇಲ್ಲ. ಜೊತೆಗಿದ್ದ ಇಬ್ಬರು ಕೆಲಸದಿಂದ ಮರಳುವುದೇ ಎಂಟಕ್ಕೆ. ಅವರ ಲೆಕ್ಕದಲ್ಲಿ ಆ ಬೀದಿ ಕೆಂಪು. ಗಾಡಿಯವರು ಯಾಕೆ ನಿಲ್ಲುವುದಿಲ್ಲ ಅಂತ ಮಾರನೇ ದಿನ ಅವರನ್ನೇ ಕೇಳಿದೆವು. ಒಬ್ಬರು ಬಾಯಲ್ಲಿ ಏನೂ ಹೇಳದೆ ಕತ್ತೆತ್ತಿ ಕಂಬದ ಕಡೆ ನೋಡಿದರು. ಬೀದಿ ದೀಪ ಕೆಟ್ಟು ಆರು ತಿಂಗಳಾಗಿತ್ತಂತೆ. ಕತ್ತಲಲ್ಲಿ ಚಿಲ್ಲರೆ ಎಣಿಸಲು ಆಗುವುದಿಲ್ಲ, ಕೊಳ್ಳುವವರಿಗೆ ಕೊಳೆತದ್ದು ಯಾವುದು ಕಾಣುವುದಿಲ್ಲ, ತಕರಾರು ಶುರುವಾಗುತ್ತದೆ, ಅದಕ್ಕೇ ಏಳಕ್ಕೆಲ್ಲ ಗಾಡಿ ತಳ್ಳಿಕೊಂಡು ಹೋಗಿಬಿಡುತ್ತಾರೆ.

ನಾವು ಆಹಾರದ ಯೋಜನೆ ಮಾಡಲು ಹೋದವರು, ಸಿಕ್ಕಿದ್ದು ದೀಪದ ಸಮಸ್ಯೆ. ತಂಡದಲ್ಲಿ ಒಬ್ಬರು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂದೇ ಬಿಟ್ಟರು. ವ್ಯಾಪ್ತಿಯ ತೊಂದರೆ ಹೊಸದಲ್ಲ. ಅಮೆರಿಕದಲ್ಲಿ ನಗರ ಯೋಜನೆ ಕಲಿಸುತ್ತಿದ್ದ ಕಾಮೇಶ್ವರಿ ಪೋತುಕುಚಿ ಮತ್ತು ಜೆರೋಮ್ ಕಾಫ್‌ಮನ್ 2000ದಲ್ಲಿ ಬರೆದ ಲೇಖನದಲ್ಲಿ, ನೀರು, ಗಾಳಿ, ವಸತಿಯನ್ನೆಲ್ಲ ತಮ್ಮ ಕೆಲಸ ಅಂದುಕೊಳ್ಳುವ ನಗರ ಯೋಜಕರು ಆಹಾರವನ್ನು ಮಾತ್ರ ಹೊರಗಿನದು ಅನ್ನುವ ಹಾಗೆ ಬಿಟ್ಟಿದ್ದಾರೆ ಅಂತ ತೋರಿಸಿದ್ದರು. ನಗರದ ಕಡತಗಳಲ್ಲಿ ಆಹಾರ ಒಂದೇ ಕಡೆ ಸಿಗುವುದಿಲ್ಲ. ಸ್ವಲ್ಪ ಆರೋಗ್ಯ ವಿಭಾಗದಲ್ಲಿ, ಸ್ವಲ್ಪ ಕಂದಾಯದಲ್ಲಿ, ಸ್ವಲ್ಪ ಕಸದಲ್ಲಿ, ಸ್ವಲ್ಪ ಸಂಚಾರದಲ್ಲಿ ಹರಡಿಕೊಂಡಿರುತ್ತದೆ. ನಿವಾಸಿಗಳ ಮನಸ್ಸಿನಲ್ಲಿ ಮಾತ್ರ ಈ ಗೋಡೆಗಳಿಲ್ಲ. ಅವರನ್ನು ಕರೆಯುವುದರ ದೊಡ್ಡ ಲಾಭ ಇದೇ ಅಂತ ನನ್ನ ಅನಿಸಿಕೆ. ಹಾಗಾಗಿ ದೀಪದ ಮಾತು ಬಂದಾಗ "ವಿಷಯಕ್ಕೆ ಬನ್ನಿ" ಅನ್ನಬೇಡಿ, ದೀಪದವರನ್ನು ಮುಂದಿನ ಸಭೆಗೆ ಕರೆಯಿರಿ.

ನಕ್ಷೆಯೇ ಬೇಡ ಅಂತ ಹೇಳುತ್ತಿಲ್ಲ. ಅಮೆರಿಕದ ಬಾಲ್ಟಿಮೋರ್‌ನವರು ನಕ್ಷೆಯನ್ನು ಚೆನ್ನಾಗಿ ಬಳಸಿದ್ದಾರೆ. ದೊಡ್ಡ ದಿನಸಿ ಅಂಗಡಿ ಕಾಲು ಮೈಲಿಗಿಂತ ದೂರ ಇರಬೇಕು, ಮನೆಗಳ ಆದಾಯ ಇಂತಿಷ್ಟಕ್ಕಿಂತ ಕಡಿಮೆ ಇರಬೇಕು, ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಮನೆಗಳು ವಾಹನ ಇಲ್ಲದವಾಗಿರಬೇಕು, ಇರುವ ಅಂಗಡಿಗಳಲ್ಲಿ ಒಳ್ಳೆಯ ಆಹಾರ ವಿರಳವಾಗಿರಬೇಕು. ಈ ನಾಲ್ಕೂ ಒಟ್ಟಿಗೆ ಕೂಡಿದ ಕಡೆಗಳನ್ನು ಗುರುತು ಮಾಡಿದರು. ಮೊದಲು ಆ ಪ್ರದೇಶಗಳಿಗೆ 'ಆಹಾರ ಮರುಭೂಮಿ' ಅನ್ನುತ್ತಿದ್ದರು. ಅಲ್ಲಿನ ನಿವಾಸಿಗಳಿಗೆ ಆ ಹೆಸರು ಹಿಡಿಸಲಿಲ್ಲ. ಹಿಡಿಸುವುದಾದರೂ ಹೇಗೆ, ತಾನು ಹುಟ್ಟಿ ಬೆಳೆದ ಬೀದಿಯನ್ನು ಯಾರಾದರೂ ಮರುಭೂಮಿ ಅಂದರೆ? ಮರುಭೂಮಿ ತಾನಾಗಿ ಆಗುವಂಥದ್ದು, ಇದು ಯಾರೋ ಮಾಡಿದ ತೀರ್ಮಾನಗಳಿಂದ ಆದದ್ದು. 2018ರ ಹೊತ್ತಿಗೆ ನಗರ ಆ ಪದ ಬಿಟ್ಟು, ಆರೋಗ್ಯಕರ ಆಹಾರಕ್ಕೆ ಆದ್ಯತೆ ಕೊಡಬೇಕಾದ ಪ್ರದೇಶಗಳು ಅನ್ನುವ ಅರ್ಥದ ಹೆಸರು ಇಟ್ಟಿತು. ಹೆಸರು ಬದಲಾದರೆ ಹೊಟ್ಟೆ ತುಂಬುತ್ತದಾ ಅಂತ ನಾನೂ ಒಂದು ಕಾಲದಲ್ಲಿ ನಕ್ಕಿದ್ದೆ. ಈಗ ನಗುವುದಿಲ್ಲ. ತನ್ನ ಬೀದಿಯ ಹೆಸರನ್ನೇ ತಿದ್ದಲು ಆಗದವರು ನಿಮ್ಮ ಯೋಜನೆಯಲ್ಲಿ ಇನ್ನೇನು ತಿದ್ದಿಯಾರು?

ಅದೇ ಊರಿನವರು ಬೇರೆ ಬೇರೆ ಬಡಾವಣೆಗಳಿಂದ ನಿವಾಸಿ ಸಲಹೆಗಾರರನ್ನು ಆರಿಸಿ, ಅವರ ಸಮಯಕ್ಕೆ ಗೌರವಧನವನ್ನೂ ಕೊಟ್ಟರು. ಈ ಗೌರವಧನದ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸಭೆಯಲ್ಲಿ ಕೂತಿರುವ ನಿಮಗೆ ಸಂಬಳ ಇದೆ, ಸಲಹೆಗಾರ ಸಂಸ್ಥೆಗೆ ಶುಲ್ಕ ಇದೆ, ಚಹಾ ತಂದುಕೊಟ್ಟವರಿಗೂ ಬಿಲ್ ಪಾವತಿಯಾಗುತ್ತದೆ. ದಿನಗೂಲಿ ಬಿಟ್ಟು ಬಂದು ನಿಮಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವವರು ಮಾತ್ರ ಪುಕ್ಕಟೆ ಬರಬೇಕು ಅನ್ನುವುದು ಯಾವ ನ್ಯಾಯ? ಲೆಕ್ಕಪತ್ರ ವಿಭಾಗದವರು ಇದಕ್ಕೆ ಯಾವ ಲೆಕ್ಕ ಶೀರ್ಷಿಕೆಯೂ ಇಲ್ಲ ಅನ್ನುತ್ತಾರೆ. ನಮಗೂ ಅಂದರು. ತಜ್ಞರ ಶುಲ್ಕ ಅನ್ನುವ ಶೀರ್ಷಿಕೆ ಇದೆಯಾ ಅಂತ ಕೇಳಿದೆವು. ಇತ್ತು.

ಸಭೆಯ ಹೊತ್ತು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು, ಬರಲು ಬಸ್ಸು, ಆಡುಭಾಷೆಯಲ್ಲಿ ಮಾತು, ಇವುಗಳ ಬಗ್ಗೆ ಎಲ್ಲ ಕೈಪಿಡಿಗಳಲ್ಲೂ ಇದೆ, ನಾನು ಮತ್ತೆ ಬರೆಯುವುದಿಲ್ಲ. ಕೈಪಿಡಿಗಳಲ್ಲಿ ಅಷ್ಟಾಗಿ ಕಾಣದ ಒಂದು ಮಾತು ಇದೆ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಮೊದಲ ದಿನವೇ ಕೂರಿಸಬೇಡಿ. ಸಗಟು ವ್ಯಾಪಾರಿ ಕೂತಿರುವಾಗ ಅವನ ಬಳಿ ಸಾಲದಲ್ಲಿ ಮಾಲು ಎತ್ತುವ ಗಾಡಿಯವಳು ಬಾಯಿ ತೆರೆಯುವುದಿಲ್ಲ. ಮನೆಯ ಮಾಲೀಕರು ಕೂತಿರುವಾಗ ಬಾಡಿಗೆದಾರರು ಹಿತ್ತಲಿನ ಮಾತು ಎತ್ತುವುದಿಲ್ಲ. ಮೊದಲು ಬೇರೆ ಬೇರೆಯಾಗಿ, ಅವರವರ ಜಾಗದಲ್ಲಿ, ಅವರವರ ಹೊತ್ತಿಗೆ ಮಾತಾಡಿ. ಆಮೇಲೆ ಪ್ರತಿ ಗುಂಪಿನಿಂದ ಇಬ್ಬರು ಮೂವರನ್ನು ಒಟ್ಟಿಗೆ ಕರೆಯಿರಿ. ಒಬ್ಬರೇ ಬಂದರೆ ಒಂಟಿಯಾಗುತ್ತಾರೆ, ಇಬ್ಬರಿದ್ದರೆ ಪಕ್ಕದವರ ಮುಖ ನೋಡಿಕೊಂಡಾದರೂ ಮಾತಾಡುತ್ತಾರೆ.

ಮಾತಾಡಲು ಸಂಕೋಚ ಇರುವವರಿಗೆ ಕ್ಯಾಮೆರಾ ಕೊಡುವ ಒಂದು ವಿಧಾನವಿದೆ. ಕ್ಯಾರೋಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಇದನ್ನು 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿಗಳ ಹೆಂಗಸರೊಂದಿಗೆ ರೂಪಿಸಿದರು. ಅವರವರು ತೆಗೆದ ಫೋಟೋ ಮುಂದಿಟ್ಟುಕೊಂಡು ಅದರಲ್ಲೇನಿದೆ ಅಂತ ಅವರೇ ಹೇಳುತ್ತಾರೆ. ಈಗ ಹೆಚ್ಚಿನವರ ಕೈಯಲ್ಲಿ ಫೋನ್ ಇರುವುದರಿಂದ ಇದಕ್ಕೆ ಖರ್ಚೂ ಕಡಿಮೆ. "ನಿಮ್ಮ ಮನೆಗೆ ಊಟ ಬರುವ ದಾರಿಯಲ್ಲಿ ಎಲ್ಲಿ ತೊಡಕಾಗುತ್ತದೆ, ಐದು ಫೋಟೋ ತೆಗೆಯಿರಿ" ಅಂದರೆ ಸಾಕು. ಫೋಟೋದಲ್ಲಿ ಬೇರೆಯವರ ಮುಖ ಬಂದರೆ ಅವರ ಒಪ್ಪಿಗೆ ಕೇಳಬೇಕು, ಅದನ್ನು ಮೊದಲೇ ಹೇಳಿಕೊಡಿ.

ತಾರಸಿ ತೋಟದವರ ಬಗ್ಗೆ ನಿಮ್ಮ ಬರಹದಲ್ಲಿ ಸ್ವಲ್ಪ ಬೇಸರ ಕಂಡಿತು. ಬೇಸರ ಬೇಡ. ಬಂದವರು ಅವರೇ. ಆದರೆ ಅವರ ಉತ್ಸಾಹಕ್ಕೆ ಇಡೀ ಯೋಜನೆ ತೋಟವಾಗಿಬಿಡುವ ಅಪಾಯ ನಿಜ. ನಗರದೊಳಗೆ ಬೆಳೆಯುವುದು ಸೊಪ್ಪು ತರಕಾರಿಗೆ ಒಳ್ಳೆಯದು, ನೆರೆಹೊರೆಗೂ ಒಳ್ಳೆಯದು. ಆದರೆ ನಗರ ತಿನ್ನುವ ಧಾನ್ಯ, ಬೇಳೆ, ಎಣ್ಣೆ ತಾರಸಿಯಲ್ಲಿ ಬೆಳೆಯುವುದಿಲ್ಲ. ನಗರದ ಅಂಚಿನ ರೈತರೂ, ಗೋದಾಮಿನ ಹಮಾಲರೂ ಈ ವ್ಯವಸ್ಥೆಯ ಒಳಗಿನವರೇ. ಊರಿನ ಮತದಾರರಲ್ಲ ಅನ್ನುವ ಕಾರಣಕ್ಕೆ ರೈತರನ್ನು ಬಿಟ್ಟರೆ ಅರ್ಧ ಯೋಜನೆಯನ್ನೇ ಬಿಟ್ಟ ಹಾಗೆ. ನಗರದೊಳಗಿನ ಬೆಳೆಯನ್ನು ಗಂಭೀರವಾಗಿ ಮಾಡಬೇಕು ಅಂದರೆ ಅರ್ಜೆಂಟೀನಾದ ರೊಸಾರಿಯೊ ನೋಡಿ. 2001ರ ಆರ್ಥಿಕ ಕುಸಿತದ ಮರುವರ್ಷ ಶುರುವಾದ ಕಾರ್ಯಕ್ರಮ ಅದು. ಪಾಳು ಬಿದ್ದ ಜಾಗ ಕೊಟ್ಟರು, ಬೆಳೆದದ್ದನ್ನು ಮಾರಲು ಮಾರುಕಟ್ಟೆಯನ್ನೂ ಮಾಡಿಕೊಟ್ಟರು. ಜಾಗದ ಭರವಸೆ ಇಲ್ಲದೆ ಬೀಜ ಹಂಚಿದರೆ ಅದು ಉದ್ಘಾಟನೆಯ ಫೋಟೋ ಮಟ್ಟಿಗೆ ಮಾತ್ರ.

ಇನ್ನು ಸಮಿತಿ. ಒಂದಲ್ಲ ಒಂದು ದಿನ ಯಾರಾದರೂ ಆಹಾರ ನೀತಿ ಮಂಡಳಿ ಮಾಡೋಣ ಅನ್ನುತ್ತಾರೆ. ಅಮೆರಿಕದ ನಾಕ್ಸ್‌ವಿಲ್‌ನಲ್ಲಿ 1982ರಲ್ಲೇ ಇಂಥದ್ದೊಂದು ಶುರುವಾಗಿತ್ತು. ಕೆನಡಾದ ಟೊರಾಂಟೊದಲ್ಲಿ 1991ರಲ್ಲಿ ನಗರದ ಸಾರ್ವಜನಿಕ ಆರೋಗ್ಯ ಮಂಡಳಿಯ ಅಡಿಯಲ್ಲೇ ಮಾಡಿದರು. ಹಾಗೆ ಇಲಾಖೆಯ ಒಳಗೇ ಒಂದು ಕಾಲು ಇದ್ದದ್ದರಿಂದ ಅದಕ್ಕೆ ಸಿಬ್ಬಂದಿ ಇತ್ತು, ಕಡತ ಇತ್ತು, ಬಾಗಿಲು ತಟ್ಟಿದರೆ ತೆರೆಯುವವರಿದ್ದರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇನ್ನೊಂದು ಬಗೆ. ಅಲ್ಲಿ ಕಪ್ಪು ಸಮುದಾಯದ ಆಹಾರ ಭದ್ರತಾ ಜಾಲದವರು ತಾವೇ ನಗರದ ಆಹಾರ ನೀತಿಯ ಕರಡು ಬರೆದು 2008ರಲ್ಲಿ ನಗರಸಭೆಯ ಒಪ್ಪಿಗೆ ಪಡೆದರು, ಮಂಡಳಿ ಬಂದದ್ದು ಆಮೇಲೆ. ಕರಡನ್ನು ಯಾರು ಬರೆಯುತ್ತಾರೆ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ, ಸಭೆಯ ನಡಾವಳಿ ಬರೆದವರಿಗೆಲ್ಲ ಇದು ಗೊತ್ತು.

ಮಂಡಳಿ ಮಾಡುವುದಾದರೆ ಅದು ಯಾವುದರ ಬಲದ ಮೇಲೆ ನಿಂತಿದೆ ಅಂತ ನೋಡಿಕೊಳ್ಳಿ. ಬ್ರೆಜಿಲ್‌ನ ರಾಷ್ಟ್ರೀಯ ಆಹಾರ ಭದ್ರತಾ ಮಂಡಳಿಯಲ್ಲಿ ಮೂರನೇ ಎರಡು ಭಾಗ ಸದಸ್ಯರು ಜನಸಂಘಟನೆಗಳವರು, ಒಂದು ಭಾಗ ಮಾತ್ರ ಸರ್ಕಾರದವರು. ಹೊರಗಿನವರು ಬಂದು ನೋಡಿ ಕಲಿಯುವಂಥ ಮಂಡಳಿ. 2019ರ ಜನವರಿ 1ರಂದು, ಹೊಸ ಸರ್ಕಾರ ಬಂದ ಮೊದಲ ದಿನವೇ, ಅದನ್ನು ರದ್ದು ಮಾಡಿದರು. ಮತ್ತೆ ಸರ್ಕಾರ ಬದಲಾಗಿ 2023ರಲ್ಲಿ ಅದು ಮರಳಿ ಬಂತು. ರಾಷ್ಟ್ರಮಟ್ಟದ ಮಂಡಳಿಗೇ ಈ ಗತಿ ಅಂದರೆ, ಒಬ್ಬ ಅಧಿಕಾರಿಯ ಆಸ್ಥೆಯ ಮೇಲೆ ನಿಂತ ನಿಮ್ಮ ಸಮಿತಿ ಅವರ ವರ್ಗಾವಣೆಯ ದಿನ ಎಲ್ಲಿರುತ್ತದೆ ಯೋಚಿಸಿ. ಸಾಧ್ಯವಾದರೆ ನಗರಸಭೆಯ ನಿರ್ಣಯ ಮಾಡಿಸಿ. ಅದಕ್ಕಿಂತ ಮುಖ್ಯವಾಗಿ, ಸಮಿತಿಯ ಹೊರಗೂ ಅದು ಬೇಕು ಅಂತ ಗಲಾಟೆ ಮಾಡುವ ಜನ ಇರಬೇಕು.

ಇಟಲಿಯ ಮಿಲಾನ್‌ನಲ್ಲಿ ಆದ ನಗರಗಳ ಆಹಾರ ನೀತಿ ಒಪ್ಪಂದಕ್ಕೆ ಸಹಿ ಹಾಕೋಣ ಅಂತ ನಿಮ್ಮ ಮೇಲಿನವರು ಹೇಳುತ್ತಿದ್ದಾರೆ ಅಂದಿರಿ. ಹಾಕಲಿ. 2015ರ ಅಕ್ಟೋಬರ್ 15ರಂದು ನೂರಕ್ಕೂ ಹೆಚ್ಚು ನಗರಗಳು ಸಹಿ ಹಾಕಿದ ಆ ಒಪ್ಪಂದದಲ್ಲಿ ಆರು ವಿಭಾಗಗಳಲ್ಲಿ 37 ಶಿಫಾರಸುಗಳಿವೆ, ಮೊದಲ ವಿಭಾಗವೇ ಆಡಳಿತದ್ದು. ಬೇರೆ ಊರುಗಳಲ್ಲಿ ಏನಾಯಿತು ಅಂತ ತಿಳಿಯಲು ಒಳ್ಳೆಯ ದಾರಿ. ಅದಕ್ಕಿಂತ ಹೆಚ್ಚು ಅದರಿಂದ ನಿರೀಕ್ಷಿಸಬೇಡಿ, ನಿಮ್ಮ ಊರಿನ ಬೀದಿ ದೀಪವನ್ನು ಮಿಲಾನ್‌ನವರು ಬಂದು ಹಾಕುವುದಿಲ್ಲ.

ದುಡ್ಡಿನ ವಿಷಯ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದ ಜನ ನಗರದ ಬಜೆಟ್ಟಿನ ಒಂದು ಭಾಗವನ್ನು ತಾವೇ ಕೂತು ಹಂಚುವ ಪದ್ಧತಿ ಶುರುವಾಯಿತು. ಆಹಾರ ಯೋಜನೆಗೆ ನಿಮ್ಮ ಬಳಿ ಎಷ್ಟೇ ಸಣ್ಣ ಮೊತ್ತ ಇದ್ದರೂ ಅದರಲ್ಲಿ ಒಂದು ಪಾಲನ್ನು ಹೀಗೆ ಬಿಟ್ಟುಕೊಡಿ. ಹತ್ತು ಸಭೆಗಳಲ್ಲಿ ಬಾಯಿ ಬಿಡದವರು, ಇಷ್ಟು ದುಡ್ಡಿನಲ್ಲಿ ನೆರಳಿನ ಚಪ್ಪರವೋ ನೀರಿನ ನಲ್ಲಿಯೋ ಎರಡರಲ್ಲಿ ಒಂದು ಅಂದ ತಕ್ಷಣ ಎದ್ದು ನಿಂತು ವಾದ ಮಾಡುವುದನ್ನು ನೋಡಿದ್ದೇನೆ. ಆ ವಾದವೇ ನಿಮಗೆ ಬೇಕಾದದ್ದು. ಆದರೆ ಅವರು ಆರಿಸಿದ್ದು ನಿಮಗೆ ಮೂರ್ಖತನ ಅನಿಸಿದರೂ ಮಾಡಿಕೊಡಬೇಕು.

ನನ್ನ ದೊಡ್ಡ ತಪ್ಪನ್ನು ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಮೊದಲ ವರ್ಷ ನಾವು ಮಾರುಕಟ್ಟೆಯ ಬಾಗಿಲಲ್ಲಿ ಮೇಜು ಹಾಕಿ, ಓಡಾಡುವವರಿಂದ ಚೀಟಿ ಬರೆಸಿದೆವು. ಮುನ್ನೂರಕ್ಕೂ ಹೆಚ್ಚು ಬಂದವು. ವರದಿಯಲ್ಲಿ "300ಕ್ಕೂ ಹೆಚ್ಚು ನಿವಾಸಿಗಳ ಅಭಿಪ್ರಾಯ ಸಂಗ್ರಹ" ಅಂತ ಬರೆದೆವು, ಚೀಟಿಗಳನ್ನು ಒಂದು ಗೋಣಿಚೀಲಕ್ಕೆ ತುಂಬಿ ಕಪಾಟಿನ ಮೇಲಿಟ್ಟೆವು. ಮರುವರ್ಷ ಅದೇ ಜಾಗದಲ್ಲಿ ಮೇಜು ಹಾಕಿದಾಗ ವಯಸ್ಸಾದ ಒಬ್ಬ ಹಮಾಲರು ಬಂದು, "ಹೋದ ವರ್ಷ ಬರೆದುಕೊಟ್ಟಿದ್ದೆನಲ್ಲ ಸ್ವಾಮಿ, ಅದೇನಾಯಿತು?" ಅಂದರು. ಸಿಟ್ಟಿನಿಂದಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ ಹಾಗೆ. ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತು ಮೇಜು ಎತ್ತಿಕೊಂಡು ಬಂದು, ಮೂರು ದಿನ ನೆಲದ ಮೇಲೆ ಕೂತು ಆ ಚೀಟಿಗಳನ್ನು ವಿಂಗಡಿಸಿದೆವು. ಎಲ್ಲಕ್ಕಿಂತ ದೊಡ್ಡ ಗುಡ್ಡೆ ನಾವು ಯೋಜನೆಯಲ್ಲಿ ಒಂದು ಸಾಲೂ ಬರೆಯದ ವಿಷಯದ್ದು: ಮಾರುಕಟ್ಟೆಯಲ್ಲಿ ಶೌಚಾಲಯ. ಇಡೀ ದಿನ ಕೂತು ಮಾರುವ ಹೆಂಗಸರು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ ಅಂತ ಒಂದು ಚೀಟಿಯಲ್ಲಿತ್ತು.

ಆಮೇಲಿಂದ ಒಂದು ನಿಯಮ ಮಾಡಿಕೊಂಡೆವು. ಏನು ಕೇಳಿಸಿಕೊಂಡೆವೋ ಅದನ್ನು ಒಂದು ತಿಂಗಳೊಳಗೆ ಅದೇ ಜಾಗದಲ್ಲಿ ದೊಡ್ಡ ಹಾಳೆಯಲ್ಲಿ ಬರೆದು ಅಂಟಿಸುವುದು. ಆಗುವುದು, ಆಗದ್ದು, ಆಗದ್ದಕ್ಕೆ ಕಾರಣ, ಕಡತ ಈಗ ಯಾರ ಬಳಿ ಇದೆ. 'ಆಗದ್ದು' ಅನ್ನುವ ಕಾಲಂ ಹಾಕಲು ನಮ್ಮ ಮೇಲಿನವರು ಬಹಳ ಹೆದರಿದರು. ಜನ ಓದಿ ಜಗಳಕ್ಕೆ ಬಂದರು, ಅದೂ ನಿಜ. ಆದರೆ ಬಂದರು.

ಆನ್‌ಲೈನ್ ಸಮೀಕ್ಷೆ ಬಗ್ಗೆ: ಮಾಡಿ, ಕೊನೆಗೆ. ನಡೆದು, ಕೂತು, ಕೇಳಿಸಿಕೊಂಡು ಸಿಕ್ಕ ನಾಲ್ಕೈದು ಆಯ್ಕೆಗಳನ್ನು ಹೆಚ್ಚು ಜನರ ಮುಂದಿಟ್ಟು ತೂಗಿ ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಅದರಿಂದಲೇ ಶುರು ಮಾಡಿದರೆ ಆ ಹದಿನಾಲ್ಕು ಜನರಂಥವರೇ ಇನ್ನೂರು ಜನ ತುಂಬಿ ಕಳಿಸುತ್ತಾರೆ, ನಿಮಗೆ ಇಡೀ ಊರೇ ಮಾತಾಡಿದ ಹಾಗೆ ಕಾಣುತ್ತದೆ.

ಸದ್ಯಕ್ಕೆ ಮೂರನೇ ಸಭೆ ಕರೆಯಬೇಡಿ. ಬಂದ ಹದಿನಾಲ್ಕು ಜನರಿಗೂ ಫೋನ್ ಮಾಡಿ, ನಿಮ್ಮ ಮನೆಗೆ ತರಕಾರಿ ಯಾರು ತರುತ್ತಾರೆ, ಅವರು ಎಲ್ಲಿ ಸಿಗುತ್ತಾರೆ ಅಂತ ಕೇಳಿ. ಒಂದೇ ಒಂದು ಬೀದಿ ಆರಿಸಿಕೊಂಡು ಬೆಳಿಗ್ಗೆ ಐದಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಅವರಲ್ಲಿ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೋಟ್‌ಬುಕ್ ನೀವು ಹಿಡಿಯಬೇಡಿ, ಅವರ ಕೈಗೆ ಕೊಡಿ.